ಕೊಲ್ಲಾರಿ ಒಳಗಿನ ಹಾಸಿಗಿ

ನಮ್ಮ ಹುಲಗೂರಾಗ ಹಳೇ ಚಕ್ಕಡಿ ಅಂದ್ರ ಈಗ ಕೋಳಿ ಕೂಡೂ ಜಾಗ. ನಮ್ಮ ಹಿತ್ತಲದಾಗೂ ಒಂದು ಹಂಗ ನಿಂತಿತ್ತು. ಹೋದ ದೀಪಾವಳಿ ಮುಗಿದಮ್ಯಾಲೆ ಅವ್ವ, "ಈ ಸಲ ಗುಡ್ಡಕ್ಕ ಕೊಲ್ಲಾರಿ ಕಟ್ಕೊಂಡು ಹೋಗೂಣು. ನಿಮ್ಮ ಆಯಿ ಹೋಗ್ತಿದ್ರಲ್ಲ, ಹಂಗ. ನನ್ನ ಮೊಣಕಾಲು ಇನ್ನೊಂದು ವರ್ಷ ತಡೀತಾವೋ ಇಲ್ಲೋ" ಅಂದ್ಲು.

ಗುಡ್ಡ ಅಂದ್ರ ಸವದತ್ತಿ ಎಲ್ಲಮ್ಮನ ಗುಡ್ಡ. ಬನದ ಹುಣ್ಣಿಮಿ, ಭಾರತ ಹುಣ್ಣಿಮಿಗೆ ಜಾತ್ರಿ. ನಮ್ಮೂರಿಂದ ಕುಂದಗೋಳ, ಹುಬ್ಬಳ್ಳಿ, ಧಾರವಾಡ ದಾಟಿ ಎತ್ತಿನ ಕಾಲಾಗ ಮೂರು-ನಾಲ್ಕು ದಿನದ ಹಾದಿ. 1882ರಾಗ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಬ್ಬಳ್ಳಿ-ಹರಿಹರದ ನಡುವ ಹಳಿ ಹಾಕಿದಮ್ಯಾಲೆ ಯಲವಿಗಿಗೆ ರೈಲು ಬಂತು. ಆದ್ರ ಗುಡ್ಡಕ್ಕ ಹಳಿ ಇರಲಿಲ್ಲ. ಹಿಂಗಾಗಿ ಮುದುಕರು, ಕೂಸುಗಳು, ಬುತ್ತಿ ಗಂಟು ಎಲ್ಲಾ ಕೊಲ್ಲಾರಿಯೊಳಗ. ಹಾದಿಗುಂಟ ಅದೇ ಮನಿ.

ಆಯಿ ಹೇಳ್ತಿದ್ಲು: ಕೆಳಗ ಹಲಗಿ, ಹಲಗಿ ನಡುವ ಬೆರಳಷ್ಟು ಸಂದಿ. ಅದರ ಮ್ಯಾಲೆ ಮೊಣಕಾಲೆತ್ತರ ಭತ್ತದ ಹುಲ್ಲು, ಆಮ್ಯಾಲೆ ಜಮಖಾನಿ, ಕೌದಿ. ನೆತ್ತಿಗೆ ಬಾಗಿಸಿದ ಬಿದಿರು, ಮೇದಾರರು ಹೆಣೆದ ತಟ್ಟಿ. ರಾತ್ರಿ ಎತ್ತು ಬಿಚ್ಚಿದ್ರ ಬಂಡಿ ಮುಂದಕ್ಕ ಬಾಗ್ತೈತಿ, ಅದಕ್ಕ ಮೂಕಿಗೆ ಊರುಗೋಲು ಕೊಟ್ಟು ಸಮ ಮಾಡಿ ಮಲಗೂದು.

ನಮ್ಮ ಬಂಡಿಯ ತಟ್ಟಿ ಹುಳ ತಿಂದು ಪುಡಿಯಾಗಿತ್ತು. ಮೇದಾರರು ಹತ್ತು ದಿನ ಬೇಕಂದ್ರು. ನನಗ ತಡೀಲಿಲ್ಲ. ಫೈಬರ್ ಶೀಟ್ ತಂದು ಬಾಗಿಸಿ ಬಡಿದೆ. ಕೆಳಗ ಸಂದಿಲ್ಲದ ಪ್ಲೈವುಡ್, ಮ್ಯಾಲೆ ಫೋಮ್ ಹಾಸಿಗಿ. ನೋಡಾಕ ಭಾಳ ಛಂದ ಇತ್ತು. ಚಳಿಯಾಗ ಹಿತ್ತಲದಾಗ ಒಂದು ರಾತ್ರಿ ನಾನು, ಅವ್ವ, ತಂಗಿ ಮಲಗಿ ನೋಡಿದ್ವಿ. ನಸುಕಿನಾಗ ಅವ್ವನ ಹಣಿ ಮ್ಯಾಲೆ ಟಪಕ್ ಅಂತ ಹನಿ ಬಿತ್ತು. ಕೌದಿ ತೊಯ್ದಿತ್ತು, ಫೋಮಿನ ತಳಾನೂ ಹಸಿ. ಮಳಿ ಅಲ್ಲ, ಮಂಜು ಅಲ್ಲ, ನಮ್ಮದೇ ಉಸಿರು! ಉಸಿರಿನ ಆವಿ ತಣ್ಣಗಿನ ಶೀಟಿಗೆ ಬಡಿದು ನೀರಾಗಿತ್ತು.

ಮಲ್ಪೆಯಾಗ ಫೈಬರ್ ದೋಣಿ ರಿಪೇರಿ ಮಾಡೂ ನಮ್ಮ ಸೋದರಮಾವನ ಮಗ ಫೋನಿನಾಗ ನಕ್ಕ. "ದೋಣಿ ಕ್ಯಾಬಿನ್ನಿನಾಗೂ ಇದೇ ಹಣೇಬರ. ಮಲಗೂ ಜಾಗ ಹೊಸದಾಗಿ ಕಟ್ಟುವಾಗ ಹಾಸಿಗಿ ಕೆಳಗ ಗಾಳಿ ಆಡೂ ಹಂಗ ಪಟ್ಟಿ ಹೊಡೀಬೇಕು, ಗಾಳಿ ಹೋಗಾಕ ಮ್ಯಾಲೆ ಕಿಂಡಿ ಬಿಡಬೇಕು" ಅಂದ. ಅಂದ್ರ ಆಯಿಯ ಕಾಲದ ಸಂದಿ, ಹುಲ್ಲು, ತಟ್ಟಿ ಬಡತನಕ್ಕ ಮಾಡಿದ್ದಲ್ಲ. ಕೇರಳದ ಕೆಟ್ಟುವಳ್ಳಂ ನೋಡ್ರಿ. ತೆಂಗಿನ ನಾರಿನ ಹಗ್ಗದಿಂದ ಹಲಗಿ ಹೊಲಿದ, ಭತ್ತ ಸಾಗಿಸೂ ದೋಣಿ. ಅದರ ಮ್ಯಾಲೂ ಬಿದಿರು-ಚಾಪಿಯ ಕಮಾನ. ಪ್ರವಾಸಿಗರು ಮಲಗೂ ದೋಣಿಮನಿ ಆದಮ್ಯಾಲೂ ಆ ಕಮಾನ ಉಳೀತು.

ಶೀಟ್ ಕಿತ್ತೆ. ಮೇದಾರರಿಗೆ ಕೈಮುಗಿದು ತಟ್ಟಿ ಹೆಣಿಸಿದೆ. ಬಡಿಗ್ಯಾರು ಸಂದಿ ಬಿಟ್ಟು ಹಲಗಿ ಕೂಡಿಸಿದ್ರು. ಭಾರತ ಹುಣ್ಣಿಮಿಗೆ ಬಾಡಿಗಿ ಎತ್ತು ಹೂಡಿ ಹೊಂಟ್ವಿ. ಹಾದಿಯಾಗ ಟ್ರ್ಯಾಕ್ಟರ್ ಟ್ರೇಲರ್‌ಗಳು ಭರ್ ಅಂತ ಮುಂದ ಹೋದ್ವು. ಅವಕ್ಕೂ ಕಬ್ಬಿಣದ ಪೈಪು ಬಾಗಿಸಿ ತಾಡಪತ್ರಿ ಹೊದಿಸಿದ್ರು. ಆಕಾರ ಮಾತ್ರ ಅದೇ ಕೊಲ್ಲಾರಿ.

ಅವ್ವ ಬೆಚ್ಚಗ, ಒಣಗಿದ ಕೌದಿಯಾಗ ಮಲಗಿದ್ಲು. ತಿರುಗಿ ಬರೂಮುಂದ ಮಾತ್ರ, "ಯಾಕೋ ಬೆನ್ನಿಗೆ ಹಲಗಿ ಹತ್ತಾಕತ್ತೈತಿ" ಅಂದ್ಲು. ಕೌದಿ ಎತ್ತಿ ನೋಡಿದ್ರ ಹುಲ್ಲು ಅರ್ಧಕ್ಕ ಬಂದಿತ್ತು. ದಿನಾ ರಾತ್ರಿ ಎತ್ತಿಗೆ ಅದರಾಗಿಂದನ ಹಾಕಿದ್ವಿ. ಆಯಿಯ ಹಾಸಿಗೀನೂ ಹಿಂಗ ಕರಗಿರಬೇಕು.