ಬೆಕ್ಕು ಕೊಡುವ ಮುನ್ನ

ಮಾಘ ಮಾಸದಲ್ಲಿ ಮುಡುಕುತೊರೆಯ ಮಲ್ಲಿಕಾರ್ಜುನಸ್ವಾಮಿ ಜಾತ್ರೆಗೆ ಹೋದವರು ದನಗಳ ವ್ಯಾಪಾರ ನೋಡಿಯೇ ಇರುತ್ತಾರೆ. ಕೊಳ್ಳುವವನು ಎತ್ತಿನ ಹಲ್ಲು ನೋಡುತ್ತಾನೆ, ಸುಳಿ ಹುಡುಕುತ್ತಾನೆ. ದರ ಮಾತ್ರ ಟವಲಿನ ಮರೆಯಲ್ಲಿ ಬೆರಳು ಹಿಡಿದು ತೀರ್ಮಾನವಾಗುತ್ತದೆ. ಬೆಕ್ಕಿಗೆ ಇಂಥ ಸಂತೆ ಇಲ್ಲ. ಪಕ್ಕದ ಮನೆಯಲ್ಲಿ ಮರಿ ಹಾಕಿದಾಗ ಒಂದನ್ನು ತಂದುಕೊಂಡರಾಯಿತು. ಇಲಿ ಹಿಡಿದರೆ ಸರಿ. ಮರಿಗಳು ಹೆಚ್ಚಾದರೆ ಗೋಣಿಚೀಲದಲ್ಲಿ ಕಟ್ಟಿ ದೂರ ಬಿಟ್ಟು ಬರುವುದೂ ಉಂಟು.

ಹೀಗೆ ಬಿಟ್ಟುಬಂದ ಜೀವಗಳಿಗೆ ಸಂಸ್ಥೆ ಕಟ್ಟಿ ಮನೆ ಹುಡುಕುವ ಕೆಲಸ ನಮ್ಮಲ್ಲಿ ಈಚಿನದು. ಪ್ರಾಣಿಹಿಂಸೆ ತಡೆ ಕಾಯಿದೆ ಬಂದದ್ದು 1960ರಲ್ಲಿ. ಅದಕ್ಕಾಗಿ ರಾಜ್ಯಸಭೆಯಲ್ಲಿ ಪಟ್ಟು ಹಿಡಿದವರು ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್. ಬೆಂಗಳೂರಿನಲ್ಲಿ 1991ರಲ್ಲಿ ‘ಕ್ಯೂಪಾ’ ಸಂಸ್ಥೆ ಹುಟ್ಟುಹಾಕಿದಾಗ ಇಂಗ್ಲೆಂಡ್ ಮೂಲದ ಕ್ರಿಸ್ಟಲ್ ರಾಜರ್ಸ್ ಅವರಿಗೆ ವಯಸ್ಸು 80 ದಾಟಿತ್ತು!

ಇಂಥ ಆಶ್ರಯಧಾಮಗಳಲ್ಲಿ ಜಾತ್ರೆಯ ಲೆಕ್ಕ ತಲೆಕೆಳಗು. ಪರೀಕ್ಷೆ ನಡೆಯುವುದು ಒಯ್ಯಲು ಬಂದವರಿಗೆ. ಮನೆ ಸ್ವಂತದ್ದೋ ಬಾಡಿಗೆಯದೋ, ಬಾಲ್ಕನಿಗೆ ಬಲೆ ಇದೆಯೋ, ಮನೆಮಂದಿಯೆಲ್ಲ ಒಪ್ಪಿದ್ದಾರೋ ಎಂದು ಕೇಳುತ್ತಾರೆ. ಲಸಿಕೆಗೂ ಸಂತಾನಹರಣ ಶಸ್ತ್ರಚಿಕಿತ್ಸೆಗೂ ಒಪ್ಪಬೇಕು. ಬೀದಿ ಬೆಕ್ಕಿಗೆ ಇಷ್ಟೆಲ್ಲ ಏಕೆಂದು ನಮ್ಮ ಕಡೆಯವರು ನಗಬಹುದು. ಒಮ್ಮೆ ಬೀದಿಪಾಲಾದದ್ದು ಮತ್ತೆ ಬೀದಿಪಾಲಾಗಬಾರದೆಂದೇ ಈ ವಿಚಾರಣೆ.