ಸೋತವರ ಪರೀಕ್ಷೆ: ಅಮೆರಿಕದ ನಾಲ್ಕು ಅಧ್ಯಕ್ಷೀಯ ಚುನಾವಣೆಗಳು

ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಶಾಲಾ ಸಂಸತ್ತಿನ ಚುನಾವಣೆಯಲ್ಲಿ ನಾನು ಮೂರು ಮತಗಳಿಂದ ಸೋತೆ. ಗೆದ್ದವನ ಜೊತೆ ವಾರವಿಡೀ ಮಾತು ಬಿಟ್ಟೆ. ಸಮಾಜ ವಿಜ್ಞಾನದ ಮೇಷ್ಟ್ರು ಕರೆದು, "ಗೆಲ್ಲೋದು ಯಾರಿಗಾದ್ರೂ ಬರುತ್ತೆ ಕಣೋ, ಸೋಲೋದನ್ನ ಕಲೀಬೇಕು" ಎಂದರು. ಆ ಮಾತಿನ ತೂಕ ತಿಳಿದದ್ದು ಇಂಜಿನಿಯರ್ ಆಗಿ, ಅಮೆರಿಕದವರೊಂದಿಗೆ ಕೆಲಸ ಮಾಡುತ್ತಾ ಆ ದೇಶದ ಚರಿತ್ರೆ ಓದತೊಡಗಿದ ಮೇಲೆ.

ಅಲ್ಲಿ ಜನರು ಅಧ್ಯಕ್ಷರನ್ನು ನೇರವಾಗಿ ಆರಿಸುವುದಿಲ್ಲ. ಪ್ರತಿ ರಾಜ್ಯಕ್ಕೂ ನಿಗದಿತ ಎಲೆಕ್ಟೋರಲ್ ಮತಗಳಿವೆ. ಈಗ ಒಟ್ಟು 538. ಗೆಲ್ಲಲು 270 ಬೇಕು. ಹೆಚ್ಚಿನ ರಾಜ್ಯಗಳಲ್ಲಿ ಯಾರು ಮುಂದಿದ್ದಾರೋ ಅವರಿಗೇ ಆ ರಾಜ್ಯದ ಎಲ್ಲ ಎಲೆಕ್ಟೋರಲ್ ಮತಗಳೂ ಸೇರುತ್ತವೆ.

1800ರಲ್ಲಿ ಅಧ್ಯಕ್ಷ ಜಾನ್ ಆಡಮ್ಸ್ ಸೋತರು. ಎದುರು ಪಕ್ಷದ ಥಾಮಸ್ ಜೆಫರ್ಸನ್ ಮತ್ತು ಆರನ್ ಬರ್ ಇಬ್ಬರಿಗೂ ತಲಾ 73 ಮತ ಬಂದು, ಪ್ರತಿನಿಧಿ ಸಭೆ 36 ಸಲ ಮತ ಹಾಕಿದ ಮೇಲೆ ಜೆಫರ್ಸನ್ ಆಯ್ಕೆಯಾದರು. 1801ರ ಮಾರ್ಚ್ 4ರಂದು ಆಡಮ್ಸ್ ಪ್ರಮಾಣವಚನಕ್ಕೂ ನಿಲ್ಲದೆ ಬೆಳಗಾಗುವ ಮೊದಲೇ ರಾಜಧಾನಿ ಬಿಟ್ಟರು. ಆದರೂ ಅಧಿಕಾರ ಎದುರಾಳಿಗಳ ಕೈಗೆ ರಕ್ತ ಹರಿಯದೆ ಹೋಯಿತು.

1860ರಲ್ಲಿ ಹಾಗಾಗಲಿಲ್ಲ. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹರಡಬಾರದು ಎಂದ ಅಬ್ರಹಾಂ ಲಿಂಕನ್, ನಾಲ್ವರ ಸ್ಪರ್ಧೆಯಲ್ಲಿ ಶೇ. 40ರಷ್ಟು ಜನಮತ ಪಡೆದು ಗೆದ್ದರು. ಅವರು ಅಧಿಕಾರ ವಹಿಸುವುದರೊಳಗೆ ದಕ್ಷಿಣದ ಏಳು ರಾಜ್ಯಗಳು ಒಕ್ಕೂಟ ತೊರೆದವು. ನಂತರದ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಯುದ್ಧದ ನಡುವೆಯೇ 1864ರ ಚುನಾವಣೆ ಬಂತು. ತಾನು ಸೋಲಬಹುದೆಂದು ಲಿಂಕನ್‌ಗೆ ಅನಿಸಿತ್ತು. ಸೋತರೆ ಹೊಸ ಅಧ್ಯಕ್ಷರೊಂದಿಗೆ ಸಹಕರಿಸಿ ದೇಶ ಉಳಿಸುವುದು ತಮ್ಮ ಕರ್ತವ್ಯವೆಂದು ಆಗಸ್ಟ್‌ನಲ್ಲಿ ಒಂದು ಚೀಟಿಯಲ್ಲಿ ಬರೆದು ಮಡಚಿ, ಓದಲು ಕೊಡದೆಯೇ ಮಂತ್ರಿಗಳ ಸಹಿ ಹಾಕಿಸಿದರು. ಚುನಾವಣೆಯಲ್ಲಿ ಗೆದ್ದದ್ದು ಅವರೇ.

1876ರ ಕಥೆ ಬೇರೆ. ಸ್ಯಾಮ್ಯುಯೆಲ್ ಟಿಲ್ಡನ್‌ಗೆ ಜನಮತ ಹೆಚ್ಚಿತ್ತು. ವಿವಾದಿತ ಮತಗಳನ್ನು 15 ಜನರ ಆಯೋಗ 8-7ರಲ್ಲಿ ರುದರ್‌ಫರ್ಡ್ ಹೇಯ್ಸ್ ಪರ ತೀರ್ಮಾನಿಸಿತು. ಅಂತಿಮ ಲೆಕ್ಕ 185-184. ಗಲಭೆಯಿಲ್ಲದೆ ವಿಷಯ ಮುಗಿಯಿತು. ಆದರೆ 1877ರಲ್ಲಿ ದಕ್ಷಿಣದಲ್ಲಿ ಉಳಿದಿದ್ದ ಒಕ್ಕೂಟದ ಸೇನೆಯ ರಕ್ಷಣೆ ಹಿಂತೆಗೆಯಲಾಯಿತು. ಆಗತಾನೇ ಮತದ ಹಕ್ಕು ಪಡೆದಿದ್ದ ಕಪ್ಪು ಜನರನ್ನು ಮುಂದಿನ ವರ್ಷಗಳಲ್ಲಿ ಮತಗಟ್ಟೆಯಿಂದ ದೂರವಿಟ್ಟರು. ಅದನ್ನು ತಡೆಯುವ ಬಲವಾದ ಕಾನೂನು ಬಂದದ್ದು 1965ರಲ್ಲಿ. ಇಬ್ಬರು ನಾಯಕರ ಜಗಳ ತೀರಿತು. ಬೆಲೆ ತೆತ್ತವರು ಮೂರನೆಯವರು.

2000ದಲ್ಲಿ ಅಲ್ ಗೋರ್‌ಗೆ ದೇಶದಾದ್ಯಂತ ಐದು ಲಕ್ಷದಷ್ಟು ಹೆಚ್ಚು ಮತ ಬಂದಿತ್ತು. ಆದರೆ ಅರವತ್ತು ಲಕ್ಷದಷ್ಟು ಜನ ಮತ ಹಾಕಿದ ಫ್ಲೋರಿಡಾದಲ್ಲಿ 537 ಮತಗಳಿಂದ ಜಾರ್ಜ್ ಬುಷ್ ಮುಂದಿದ್ದರು. ಸುಪ್ರೀಂ ಕೋರ್ಟ್ 5-4ರ ತೀರ್ಪಿನಲ್ಲಿ ಮರುಎಣಿಕೆ ನಿಲ್ಲಿಸಿತು. ತೀರ್ಪು ತಮಗೆ ಒಪ್ಪಿಗೆಯಿಲ್ಲ, ಆದರೂ ತಲೆಬಾಗುತ್ತೇನೆ ಎಂದರು ಗೋರ್. 2001ರ ಜನವರಿ 6ರಂದು ಉಪಾಧ್ಯಕ್ಷರಾಗಿ ಸಂಸತ್ತಿನಲ್ಲಿ ಮತ ಎಣಿಕೆ ನಡೆಸಿ, ತಮ್ಮ ಪಕ್ಷದವರ ಆಕ್ಷೇಪಗಳನ್ನೇ ನಿಯಮದಂತೆ ತಳ್ಳಿಹಾಕಿ, ತಮ್ಮ ಸೋಲನ್ನು ತಾವೇ ಘೋಷಿಸಿದರು. ಸರಿಯಾಗಿ ಇಪ್ಪತ್ತು ವರ್ಷಗಳ ನಂತರ, ಅದೇ ದಿನ, ಸೋಲನ್ನೊಪ್ಪದ ಗುಂಪೊಂದು ಅದೇ ಭವನಕ್ಕೆ ನುಗ್ಗಿತು.

ಸಂವಿಧಾನದಲ್ಲಿ ಎಷ್ಟೇ ವಿಧಿಗಳಿರಲಿ, ಸೋತವರು ಒಪ್ಪದಿದ್ದರೆ ಅವು ನಡೆಯುವುದು ಕಷ್ಟ. ಹಾಗೆಂದು ಒಪ್ಪಂದದ ಹೆಸರಲ್ಲಿ ದುರ್ಬಲರ ಮತ ಕಳೆದರೆ ಅದೂ ಪ್ರಜಾಪ್ರಭುತ್ವವಲ್ಲ. ಈ ಶಾಲೆಯ ಅಂಗಳದಲ್ಲಿ ಇಂದಿಗೂ ಚೀಟಿ ಮಡಚಿ ಮತ ಹಾಕುವ ತಮ್ಮಂದಿರೇ, ತಂಗಿಯರೇ, ಎರಡನ್ನೂ ನೆನಪಿಡಿ. ಅಂದು ನನ್ನನ್ನು ಸೋಲಿಸಿದ ಗೆಳೆಯನ ಕೈ ನಾನು ಕುಲುಕಿದ್ದು ಒಂದು ವಾರ ತಡವಾಗಿ. ನೀವು ಅಷ್ಟು ತಡ ಮಾಡಬೇಡಿ.

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್