ಉಪ್ಪಿನ ಪಾಕೀಟು ಎಷ್ಟು ದಿನ ಬರಬೇಕು?

ಅಪ್ಪನಿಗೆ ಬಿಪಿ ಬಂದಾಗ ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದರು. ಸುಲೇಪೇಟದ ಮನೆಯಲ್ಲಿ ಅವ್ವನದು ಒಂದೇ ಪ್ರಶ್ನೆ: "ರೊಟ್ಟ್ಯಾಗ ಉಪ್ಪೇ ಹಾಕಂಗಿಲ್ಲ, ಇನ್ನೆಲ್ಲಿ ಕಡಿಮಿ ಮಾಡ್ಲಿ?" ಮಾತು ನಿಜ. ನಮ್ಮ ಕಡೆ ಜೋಳದ ರೊಟ್ಟಿ ಸಪ್ಪೆ. ಉಪ್ಪೆಲ್ಲ ಇರೋದು ಅದರ ಜೊತೆಗಿನ ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಬೇಳೆಯಲ್ಲಿ.

ಎಂಜಿನಿಯರಿಂಗ್ ಓದಿದ ಚಾಳಿ, ಲೆಕ್ಕ ಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅಂದರೆ ಒಂದು ಟೀ ಚಮಚದೊಳಗೆ. ನಾಲ್ವರಿಗೆ 20 ಗ್ರಾಂ. 1 ಕಿಲೋ ಪಾಕೀಟು ಕನಿಷ್ಠ 50 ದಿನ ಬರಬೇಕು. ನಮ್ಮಲ್ಲಿ 28 ದಿನಕ್ಕೇ ಖಾಲಿ: ತಲೆಗೆ ಸುಮಾರು 9 ಗ್ರಾಂ. ಹೊರಗೆ ತಿನ್ನುವ ಮಿರ್ಚಿ ಭಜಿ ಲೆಕ್ಕಕ್ಕಿಲ್ಲ.

ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ಇಡೋದು ನಿಲ್ಲಿಸಿದೆವು. ಹಿಂಡಿಗೆ ಉಪ್ಪು ಅರ್ಧ, ಬೆಳ್ಳುಳ್ಳಿ ಜಾಸ್ತಿ. ಪುಂಡಿಪಲ್ಯದ ಹುಳಿ ಉಪ್ಪಿನ ಕೊರತೆ ಮುಚ್ಚುತ್ತೆ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತೆ.

ಎರಡು ಎಚ್ಚರಿಕೆ. ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ. ಅದಕ್ಕಾಗಿ ಅಯೋಡಿನ್ ಉಪ್ಪು ಬಿಡಬೇಡಿ. ಪೊಟ್ಯಾಸಿಯಂ ಬೆರೆಸಿದ 'ಕಡಿಮೆ ಸೋಡಿಯಂ' ಉಪ್ಪು ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಿಪಿ ಗುಳಿಗೆ ತಗೊಳ್ಳುವವರಿಗೆ ಅಪಾಯ. ಡಾಕ್ಟರನ್ನು ಕೇಳಿಯೇ ಬಳಸಿ.

ಈಗ ಪಾಕೀಟಿನ ಮೇಲೆ ಒಡೆದ ತಾರೀಖು ಬರೆದಿಡುತ್ತೇವೆ. ಹೋದ ಸಲದ್ದು 41 ದಿನ ಬಂತು.